ಬೀರುವಿನ ಮೇಲಿನ ಪಾರಿವಾಳ ಮತ್ತು ನಮ್ಮವರ ದರ್ಶನ

ಆಗಿನಿಂದ ಗಡಿಯಾರವನ್ನೇ ನೋಡುತ್ತಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಿರರ್ಗಳವಾಗಿ ಮಾತಾಡಿ ನಮ್ಮನ್ನೆಲ್ಲ ಸುಸ್ತು ಮಾಡಿದ ವಿದ್ವಾಂಸರೇ, ಇಂದು ಸನ್ಮಾನ ಪಡೆದ ನಮ್ಮ ಯಜಮಾನರೇ, ತಿಂಡಿ ಇನ್ನೂ ಬಂದಿಲ್ಲವೆಂಬ ಒಂದೇ ಕಾರಣಕ್ಕೆ ಕುಳಿತಿರುವ ಸಭಿಕರೇ,

ನಮ್ಮವರ ಪರಿಸರ ಅಧ್ಯಾತ್ಮದ ವೈಚಾರಿಕ ಮೂಲ ಯಾವುದು? ಪ್ರಾಚೀನ ಋಷಿಗಳ ಚಿಂತನೆ, ದೂರದೇಶದ ಸಂತರ ಪ್ರಕೃತಿಪ್ರೇಮ, ಬಾಲ್ಯದಲ್ಲಿ ಕಂಡ ದಟ್ಟ ಕಾಡು ಅಂತ ವಿದ್ವಾಂಸರು ಹೇಳಿದರು. ಕಾಡು ಎಲ್ಲಿತ್ತು ಸ್ವಾಮಿ? ಇವರು ಬೆಳೆದದ್ದು ಹಿಟ್ಟಿನ ಗಿರಣಿಯ ಮಹಡಿ ಮೇಲೆ. ಕಿಟಕಿ ತೆಗೆದರೆ ಕಾಣುತ್ತಿದ್ದದ್ದು ಟೈರ್ ಅಂಗಡಿ. ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ನಾನೇ ಹೇಳುತ್ತಿದ್ದೆ. ಮೂಲ ಇರುವುದು ನಮ್ಮ ಮಲಗುವ ಕೋಣೆಯ ಬೀರುವಿನ ಮೇಲೆ.

ನಮ್ಮ ಮಗಳು ಕಾಲೇಜಿಗೆ ಸೇರಿದ ವರ್ಷ ವೆಂಟಿಲೇಟರಿನಿಂದ ಪಾರಿವಾಳವೊಂದು ಒಳಗೆ ಬಂದು ಬೀರುವಿನ ಮೇಲೆ ಗೂಡು ಕಟ್ಟಿತು. ನಾನು ಭೂಗೋಳದ ಟೀಚರ್, ಉತ್ತರಪತ್ರಿಕೆಗಳ ರಾಶಿಯಲ್ಲಿ ಮುಳುಗಿದ್ದೆ. ಅದನ್ನು ಸ್ವಲ್ಪ ಓಡಿಸಿ ಅಂದೆ. ಇವರು ಪೊರಕೆ ಹಿಡಿದು ಯುದ್ಧಕ್ಕೆ ಹೊರಟವರ ಹಾಗೆ ಒಳಗೆ ಹೋದರು. ಪಟಪಟ ಸದ್ದಾಯಿತು. ಮರುಕ್ಷಣ ತಲೆಗೆ ಬೆಡ್‌ಶೀಟ್ ಹೊದ್ದುಕೊಂಡು ಹೊರಗೆ ಬಂದು, ಧಡಾರನೆ ಚಿಲಕ ಹಾಕಿದರು.

"ಏನ್ರೀ, ಹೆದರಿದ್ರಾ?" ಅಂದೆ.

"ಇದು ಹೆದರಿಕೆ ಅಲ್ಲ ಕಣೇ, ಗೌರವ" ಅಂದರು, ಏದುಸಿರು ಬಿಡುತ್ತಾ.

ಸಭಿಕರೇ, ಆ ಮಾತು ನಿಮಗೆ ಪರಿಚಿತ. ಇವರ ಪುಸ್ತಕದ ಮೊದಲ ವಾಕ್ಯ ಅದೇ. ಏದುಸಿರು ಮಾತ್ರ ಅಚ್ಚಾಗಿಲ್ಲ. ಎರಡನೆಯ ಅಧ್ಯಾಯ ಬಚ್ಚಲಮನೆಯ ಹಲ್ಲಿಯದು. ಟವೆಲ್ ಸುತ್ತಿಕೊಂಡು ಬಾಗಿಲ ಹೊರಗೆ ನಿಂತವರು ವಿನಯದಿಂದ ಸರದಿ ಕಾಯುತ್ತಿದ್ದೇನೆ ಅನ್ನುತ್ತಿದ್ದರು. ಮೂರನೆಯದು ಕಣಜದ ಹುಳುವಿನದು. ಜಿರಲೆಯ ಮೇಲೂ ಒಂದು ಅಧ್ಯಾಯ ಬರಬೇಕಿತ್ತು. ಅಷ್ಟರಲ್ಲಿ ನಾನು ಚಪ್ಪಲಿ ಎತ್ತಿದೆ. ಪುಸ್ತಕ ತೆಳ್ಳಗಿರುವುದಕ್ಕೆ ಅದೇ ಕಾರಣ.

ನಕ್ಕಿದ್ದು ಸಾಕು. ಹೆದರಿದವರು ಸಾಮಾನ್ಯವಾಗಿ ಕಲ್ಲು ಎತ್ತಿಕೊಳ್ಳುತ್ತಾರೆ. ಇವರು ಬಾಗಿಲು ಹಾಕಿಕೊಂಡು, ಒಳಗಿರುವುದಕ್ಕೂ ಬದುಕಿದೆ ಅಂತ ಬರೆದರು. ಅದನ್ನು ಓದಿ ನಮ್ಮ ಬೀದಿಯ ಟೈಲರ್ ತನ್ನ ಬೋರ್ಡಿನ ಹಿಂದಿದ್ದ ಗುಬ್ಬಿ ಗೂಡನ್ನು ಹಾಗೇ ಬಿಟ್ಟ. ಅಷ್ಟರ ಮಟ್ಟಿಗೆ ಇವರು ದೊಡ್ಡವರೇ, ನಾನು ಒಪ್ಪುತ್ತೇನೆ.

ಆದರೆ ಅಂದಿನಿಂದ ನಾವಿಬ್ಬರೂ ಮಲಗುತ್ತಿರುವುದು ನಡುಮನೆಯಲ್ಲಿ, ಊಟದ ಮೇಜಿನ ಆಚೆ ಒಬ್ಬರು, ಈಚೆ ಒಬ್ಬರು. ಈಗ ಅಧ್ಯಕ್ಷರು ಆ ಕೋಣೆಯನ್ನು ಶಾಶ್ವತವಾಗಿ ಮುಚ್ಚಿ ಸ್ಮಾರಕ ಮಾಡುತ್ತೇವೆ ಅಂತ ಘೋಷಿಸಿಬಿಟ್ಟರು. ಮನೆ ಯಾರದ್ದು, ಘೋಷಣೆ ಯಾರದ್ದು? ನಿನ್ನೆ ಮಗಳು ಹಸುಗೂಸನ್ನು ಎತ್ತಿಕೊಂಡು ಬಂದಿದ್ದಾಳೆ. ಅಳಿಯನಿಗೆ ಹಡಗಿನಲ್ಲಿ ಕೆಲಸ. ಅವನು ಬರುವ ತನಕ ಇಲ್ಲೇ ಇರುತ್ತಾಳೆ. ತಾಯಿ ಮಗುವಿಗೆ ಒಂದು ಕೋಣೆ ಬೇಡವೇ?

ಇವತ್ತು ಬೆಳಿಗ್ಗೆ ಇವರು ಕನ್ನಡಿ ಮುಂದೆ ಸನ್ಮಾನಕ್ಕೆ ಉತ್ತರ ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದಾಗ ನಾನು ಚಿಲಕ ತೆಗೆದೆ. ಧೂಳು, ಜೇಡರ ಬಲೆ, ಒಣಗಿದ ಗೂಡು. ಪಾರಿವಾಳ ಇಲ್ಲ. ಪಕ್ಕದವರು ಗೋಡೆ ಎತ್ತಿದಾಗಲೇ ವೆಂಟಿಲೇಟರ್ ಮುಚ್ಚಿಹೋಗಿದೆ. ಅದು ಯಾವ ಕಾಲದಲ್ಲೋ ಹಾರಿಹೋಗಿದೆ.

ರೀ, ಹಾಗೆ ನೋಡಬೇಡಿ, ನೀರು ಕುಡಿಯಿರಿ. ನಿಮ್ಮ ದರ್ಶನಕ್ಕೆ ಏನೂ ಆಗಿಲ್ಲ. ಇಷ್ಟು ವರ್ಷ ಖಾಲಿ ಕೋಣೆಯನ್ನು ಗೌರವಿಸಿದವರನ್ನು ಅಧ್ಯಾತ್ಮಿ ಅನ್ನದೆ ಇನ್ನೇನು ಅನ್ನಬೇಕು? ನಾನು ಗುಡಿಸಿ, ತೊಳೆದು, ತೊಟ್ಟಿಲು ಇಟ್ಟು ಬಂದಿದ್ದೇನೆ. ಅಧ್ಯಕ್ಷರು ಬೇಕಿದ್ದರೆ ತಮ್ಮ ಕಚೇರಿಗೇ ಸ್ಮಾರಕದ ಫಲಕ ಹಾಕಿಸಿಕೊಳ್ಳಲಿ.

ಆದರೆ ನಾನು ಮೈಕ್ ಹಿಡಿದದ್ದು ಕೋಣೆಗಾಗಿ ಅಲ್ಲ. ನಿನ್ನೆ ಮಗಳು ಕೂಸನ್ನು ಇವರತ್ತ ಚಾಚಿದಳು. ಇವರು ಹಿಂದೆ ಸರಿದು, ಕೈಮುಗಿದು, ದೂರದಿಂದಲೇ ಗೌರವಿಸುತ್ತೇನೆ ಅಂದರು. ಮಗಳು ಕೂಸನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಅವಳ ಕಣ್ಣು ತುಂಬಿತ್ತು. ಪಾರಿವಾಳಕ್ಕೆ ಗೌರವ ಸಾಕು ರೀ, ಮೊಮ್ಮಗಳಿಗೆ ಸಾಲದು.

ಮಗಳೇ, ಮುಂದಿನ ಸಾಲಿನಲ್ಲೇ ಇದ್ದೀಯಲ್ಲ, ಮೇಲೆ ಬಾ. ಹೂಗುಚ್ಛ ಕೆಳಗಿಡಿ ರೀ. ಕತ್ತಿನ ಕೆಳಗೆ ಒಂದು ಕೈ, ಬೆನ್ನಿಗೆ ಇನ್ನೊಂದು. ಹಾಂ, ಹಾಗೆ. ದಯವಿಟ್ಟು ಚಪ್ಪಾಳೆ ಬೇಡ ಸಭಿಕರೇ, ಕೂಸು ಎದ್ದೀತು. ಇವರೇನೋ ಹೇಳುತ್ತಿದ್ದಾರೆ, ಮೈಕಿಗೆ ಕೇಳಿಸುತ್ತಿಲ್ಲ, ನಾನೇ ಹೇಳಿಬಿಡುತ್ತೇನೆ: "ಹೆದರಿಕೆ ಆಗ್ತಿದೆ ಕಣೇ."

ಆಗಲಿ. ಹೆದರಿಕೆಯಿದ್ದರೂ ಕೂಸನ್ನು ಬಿಟ್ಟಿಲ್ಲ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ಮೆಲ್ಲಗೆ, ಪಿಸುಮಾತಿನಲ್ಲಿ, ನಮಸ್ಕಾರ.