ದೊಡ್ಡವರು ಚಮಚ ಎತ್ತೋವರೆಗೆ

…ಹಠ ಅಲ್ವಂತೆ, ಕಾಯಿಲೆಯಂತೆ. ನಿನ್ನ ಡಾಕ್ಟರ್ ನಮ್‌ಗುಂಗ್ ಅಪ್ಪಣೆ ಕೊಡಿಸಿದ್ಲು. ನನ್ನ ಅಂಗಡಿ ಸೌಟಿಗಾಗಿರೋಷ್ಟು ವಯಸ್ಸಾಗಿಲ್ಲ ಅವಳಿಗೆ, ಈಗಷ್ಟೇ ಕಾರಿಡಾರಲ್ಲಿ ನನ್ನ ನಿಲ್ಲಿಸ್ಕೊಂಡು ಪಾಠ ಮಾಡ್ತಾಳೆ. "ದಾಸೊಲ್ ಅಮ್ಮ, ನಿಮ್ಮ ಮಗಳು ಬೇಕೂಂತ ಊಟ ಬಿಟ್ಟಿಲ್ಲ, ಊಟ ಅಂದ್ರೆ ಅವಳಿಗೆ ಭಯ" ಅಂತ. ಭಯ. ಹಾವು ಕಂಡ್ರೆ ಭಯ ಗೊತ್ತು, ಅತ್ತೆ ಕಂಡ್ರೆ ಭಯ ಇನ್ನೂ ಚೆನ್ನಾಗಿ ಗೊತ್ತು. ಅನ್ನ ಕಂಡ್ರೆ ಭಯ ಅನ್ನೋದನ್ನ ಈ ಆಸ್ಪತ್ರೆಗೆ ಬಂದೇ ಕೇಳಿದ್ದು ನಾನು.

ಯಾಕೆ ನಗ್ತೀಯ? ನಗೋಕೆ ಮಾತ್ರ ಎಲ್ಲಿಂದಲೋ ಶಕ್ತಿ ಬರುತ್ತೆ. ಮೇಜು ಇತ್ತ ಎಳ್ಕೋ… ಬಿಡು ಬಿಡು, ನೀನು ಎಳೆದ್ರೆ ನಿನ್ನ ಕೈಯೇ ಕಿತ್ಕೊಂಡು ಬರುತ್ತೆ, ನಾನೇ ಎಳೀತೀನಿ.

ನೋಡು, ಬುತ್ತಿ. ಕಡಲಪಾಚಿ ಸಾರು, ದನದ ಮಾಂಸ ಹಾಕಿದೀನಿ, ಎಳ್ಳೆಣ್ಣೇಲಿ ಹುರಿದು. ನಿನ್ನ ಹುಟ್ಟುಹಬ್ಬ ಈ ಹಾಸಿಗೆ ಮೇಲೇ ಕಳೆದುಹೋಯ್ತಲ್ಲ, ಅವತ್ತು ಕುಡೀಬೇಕಾಗಿದ್ದ ಸಾರು ಇವತ್ತಾದ್ರೂ ಹೊಟ್ಟೆಗೆ ಬೀಳ್ಲಿ ಅಂತ. ಮೊಟ್ಟೆ ಸುರುಳಿ. ಪಾಲಕ್ಕು. ಸೋಯಾದಲ್ಲಿ ಬೇಯಿಸಿದ ಕಪ್ಪು ಕಾಳು. ಮಾರ್ಕೆಟ್ಟಲ್ಲಿ ಅರ್ಧ ಡೇಗು ಊರೇ ನನ್ನ ಅಂಗಡಿ ಮುಂದೆ ಸಾಲು ನಿಂತು ಒಯ್ಯುತ್ತೆ ಇದನ್ನ. ಗುಮ್‌ರಾನಮ್ಮನ ಕೈರುಚಿ ಅಂತಾರೆ. ಆ ಗುಮ್‌ರಾನಮ್ಮನ ಹೊಟ್ಟೇಲಿ ಹುಟ್ಟಿದವಳು ಹಸಿವಿಂದ ಬಿದ್ಲು ಅಂದ್ರೆ ಜನ ಯಾವ ಬಾಯಲ್ಲಿ ನಗಬೇಕು? ಅದೂ ಎಲ್ಲಿ ಬಿದ್ದೆ… ಶಿಶುವಿಹಾರದಲ್ಲಿ, ಮಕ್ಕಳಿಗೆ ಊಟ ಮಾಡಿಸ್ತಾ ಮಾಡಿಸ್ತಾ. ಊರ ಮಕ್ಕಳ ಬಾಯಿಗೆಲ್ಲ ತುತ್ತಿಡೋಳು, ತನ್ನ ಬಾಯಿಗೆ ಮಾತ್ರ ಬೀಗ. ಎಲ್ಲಿಂದ ಬಂತೋ ನಿಂಗೆ ಈ ಬುದ್ಧಿ.

ಏನು ಹಾಗೆ ನೋಡ್ತೀಯ ನನ್ನ?

ಸರಿ, ಕೇಳು. ಇವತ್ತಿಂದು ಬರೀ ಊಟ ಅಲ್ಲ. ಮನೆಯವರ ಜೊತೆ ಊಟ, ಅದೂ ಒಂದು ಚಿಕಿತ್ಸೆಯಂತೆ. ಮನೆ ಅಡುಗೆ, ಒಂದೇ ಪಾತ್ರೆಯಿಂದ ಇಬ್ಬರಿಗೂ ಸಮ ಬಡಿಸ್ಕೊಂಡು, ಎದುರುಬದುರು ಕೂತು ತಿನ್ನಬೇಕು. ಬಟ್ಟಲು ಅರ್ಧ ಖಾಲಿಯಾದ್ರೂ ಸಾಕು ಅಂದ್ಲು ನಮ್‌ಗುಂಗ್. ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಮೂಗಿಗೆ ನಳಿಕೆ ಹಾಕ್ತಾರೆ. ನಿನ್ನೆ ನಿದ್ದೇಲಿ ನಿನ್ನ ಎದೆಬಡಿತ ಇಳಿದಿದ್ದು ನೋಡಿ ಆ ನರ್ಸಮ್ಮನೇ ಬೆವತು ಹೋಗಿದ್ಲಂತೆ. ಕಾಯೋ ಹಾಗಿಲ್ಲ ಅಂದಿದಾರೆ. ಅದನ್ನ ಹೇಳುವಾಗ ಮಾತ್ರ ಆ ಹುಡುಗಿ ಡಾಕ್ಟರ್ ಪಾಠ ಮಾಡೋ ದನಿ ಬಿಟ್ಟಿದ್ಲು, ಮೆಲ್ಲಗೆ ಹೇಳಿದ್ಲು. ನಿಮ್ಮಪ್ಪ ಅಲ್ಲೇ ಬೆಂಚ್ ಮೇಲೆ ಕೂತ್ಬಿಟ್ರು, ಇನ್ನೂ ಎದ್ದಿಲ್ಲ.

ಅದಕ್ಕೇ ಹೇಳ್ತಿದೀನಿ, ತಿನ್ನು. ಇಷ್ಟು ಅನ್ನ, ಇಷ್ಟು ಸಾರು. ಏನು ಮಹಾ ಕೆಲಸ ಇದು? ಬಾಯಿ ತೆಗಿ, ಹಾಕು, ಅಗಿ, ನುಂಗು. ಮೂರು ವರ್ಷದ ಮಕ್ಕಳಿಗೆ ನೀನೇ ಹೇಳ್ಕೊಡೋದಲ್ವಾ.

ಬಿಸಿ ಆರುತ್ತೆ ಕಣೇ. ಚಮಚ ತಗೋ.

ತಗೋ ಅಂದ್ನಲ್ಲ… ಯಾಕೆ ಮಂಡಿ ಮೇಲೆ ಕೈ ಇಟ್ಕೊಂಡು ಕೂತೆ, ಮದುವೆಗೆ ಹೆಣ್ಣು ನೋಡೋಕೆ ಬಂದವರ ಮುಂದೆ ಕೂತ ಹಾಗೆ?

ಓ. ದೊಡ್ಡವರು ಚಮಚ ಎತ್ತೋವರೆಗೆ ಚಿಕ್ಕವರು ಎತ್ತಬಾರದು. ಅದಾ?

ಭಲೇ. ತಾಯಿ ಒಲೆ ಮುಂದೆ ಬೆಂದು ಮಾಡಿದ್ದನ್ನ ಟಿಶ್ಯೂಲಿ ಸುತ್ತಿ ಅಂಗಿ ಜೇಬಿಗೆ ಹಾಕ್ಕೊಳ್ಳುವಾಗ ಎಲ್ಲಿ ಹೋಗಿತ್ತು ಈ ಮರ್ಯಾದೆ? ಸುಳ್ಳು ಹೇಳುವಾಗ ದೊಡ್ಡವರು ಚಿಕ್ಕವರು ಇರಲಿಲ್ಲ. "ಶಾಲೇಲೇ ತಿಂದು ಬಂದೆ ಅಮ್ಮ." "ಹೊಟ್ಟೆ ಸರಿ ಇಲ್ಲ ಅಮ್ಮ." "ಆಮೇಲೆ ತಿಂತೀನಿ ಅಮ್ಮ." ಅಬ್ಬಬ್ಬ, ಎಂಥ ನಾಟಕ. ಈಗ ನೋಡಿದ್ರೆ ನಿಮ್ಮಜ್ಜಿ ಕಲಿಸಿದ ನಯವಿನಯ ಎಲ್ಲ ನೆನಪಾಗಿಬಿಟ್ಟಿದೆ.

ನಾನು ಆಮೇಲೆ ತಿಂತೀನಿ, ನೀನು ಶುರು ಮಾಡು.

ಏನು? ಅದಕ್ಕೂ ಇದಕ್ಕೂ ಏನು ಸಂಬಂಧ? ನಾನು ಆಮೇಲೆ ಅಂದ್ರೆ ನಿಜವಾಗ್ಲೂ ಆಮೇಲೆ. ಬೆಳಿಗ್ಗೆಯಿಂದ ಅಂಗಡೀಲಿ ರುಚಿ ನೋಡಿ ನೋಡಿ ನಂಗೆ ಹೊಟ್ಟೆ ತುಂಬಿದೆ. ಅಷ್ಟು ಪಾತ್ರೆ ಉಪ್ಪು ನೋಡ್ಬೇಕಲ್ಲ, ಒಂದೊಂದು ಚಿಟಿಕೆ ಅಂದ್ರೂ… ಹೌದು, ಉಗೀತೀನಿ. ಅಷ್ಟು ಉಪ್ಪು ಯಾರು ನುಂಗ್ತಾರೆ? ರುಚಿ ನೋಡೋರೆಲ್ಲ ಉಗಿಯೋದೇ. ಇದನ್ನೂ ಡಾಕ್ಟರಿಗೆ ಹೇಳಿದ್ಯಾ ಏನು? ಅವಳೂ ಹೀಗೇ ತಲೆ ಓರೆ ಮಾಡ್ಕೊಂಡು ಕೇಳಿದ್ಲು, "ಮನೇಲಿ ನೀವು ಎಷ್ಟು ಹೊತ್ತಿಗೆ ಊಟ ಮಾಡ್ತೀರ ಅಮ್ಮ?" ಕಾಯಿಲೆ ಯಾರಿಗೆ, ವಿಚಾರಣೆ ಯಾರಿಗೆ. ನಾನು ಹೇಳಿದೆ, ಮನೆ ಹೆಂಗಸಿಗೆ ಹೊತ್ತೇನಮ್ಮ, ಎಲ್ಲರಿಗೂ ಬಡಿಸಿ, ಉಳಿದಿದ್ದನ್ನ ಒಲೆ ಹತ್ರ ನಿಂತ್ಕೊಂಡೇ ಮುಗಿಸೋದು. ನನ್ನ ತಾಯೀನೂ ಹಾಗೇ ಮಾಡಿದ್ದು. ಅವಳು ಬರ್ಕೊಂಡ್ಲು. ಅದರಲ್ಲಿ ಬರ್ಕೊಳ್ಳೋದು ಏನಿತ್ತೋ.

ಮನೇಲಿ ನಿಮ್ಮಪ್ಪ ಚಮಚ ಎತ್ತೋರು, ಊಟ ಶುರುವಾಗೋದು. ನಾನು ಒಲೆ ಹತ್ರ ಇರ್ತಿದ್ದೆ. ಯಾರೂ ಯಾರನ್ನೂ ಕಾಯ್ತಾ ಕೂರ್ತಿರಲಿಲ್ಲ. ಇವತ್ತೂ ನಿಮ್ಮಪ್ಪನೇ ಬರ್ತೀನಿ ಅಂದ್ರು, ಆ ನಮ್‌ಗುಂಗೇ "ಬೇಡ, ಅಮ್ಮನೇ ಬರಲಿ" ಅಂದಿದ್ದು. ಯಾಕೋ ಗೊತ್ತಿಲ್ಲ.

…ನೀನು ಕೇಳಿದ್ಯಾ?

ನೀನೇ ಕೇಳಿದ್ಯಾ, ಅಮ್ಮನೇ ಬೇಕು ಅಂತ? ತಲೆನಾದ್ರೂ ಅಲ್ಲಾಡಿಸು, ಹೌದೋ ಅಲ್ವೋ ಅಂತ ಹೇಗೆ ತಿಳೀಬೇಕು ನಾನು.

ಇರಲಿ. ಬಟ್ಟಲು ನೋಡು, ಆಗಲೇ ಮೇಲೆ ಎಣ್ಣೆ ಕಟ್ತಾ ಇದೆ. ಥೂ. ಆ ಎಣ್ಣೆ ತೇಲೋದು ನೋಡಿದ್ರೆ ಯಾರಿಗೆ ತಾನೆ… ಅಂದ್ರೆ, ಬಿಸಿ ಇದ್ದಾಗ ತಿಂದ್ರೆ ಚೆಂದ ಅಂತ. ಮೊಟ್ಟೆ ಸುರುಳಿ ಆದ್ರೂ ತಿನ್ನು. ಅದೇನು ಭಾರ ಅಲ್ಲ, ಅನ್ನಕ್ಕಿಂತ ಕ್ಯಾಲೊರಿ ಕಮ್ಮಿ, ಎರಡು ತುಂಡಿಗೆ ಅನ್ನದ ನಾಲ್ಕು ಚಮಚದಷ್ಟೂ ಇಲ್ಲ… ಲೆಕ್ಕ ನಂಗೆ ಹೇಗೆ ಗೊತ್ತು ಅಂದ್ರೆ? ವ್ಯಾಪಾರ ಮಾಡೋಳು ನಾನು. ಡಬ್ಬಿ ಮೇಲೆ ಚೀಟಿ ಅಂಟಿಸ್ಬೇಕಾಗುತ್ತೆ. ಎಲ್ಲದಕ್ಕೂ ಹಾಗೆ ಹುಬ್ಬು ಏರಿಸ್ಬೇಡ.

ಪಕ್ಕದ ರೂಮಿನ ಹುಡುಗಿ ತಾಯಿ ಇದಾಳಲ್ಲ, ಬಂದಾಗೆಲ್ಲ ಮಗಳ ಕಾಲು ಹಿಡ್ಕೊಂಡು ಗೋಳೋ ಅಂತ ಅಳ್ತಾಳೆ. ಒಂದು ತುತ್ತು ತಿನ್ನು ತಾಯಿ, ಒಂದೇ ಒಂದು ತುತ್ತು. ನೋಡಿದ್ರೆ ಮೈ ಉರಿಯುತ್ತೆ ನಂಗೆ. ನಾನು ಹಾಗೆಲ್ಲ ಅಂಗಲಾಚೋಳಲ್ಲ, ತಿಳ್ಕೋ. ಈ ನರ್ಸಮ್ಮಂದಿರೋ, ಅವರೊಂದು ಕಡೆ. ಊಟ ಆದ್ಮೇಲೆ "ಬಾಯಿ ತೆಗೀರಿ, ನಾಲಿಗೆ ಎತ್ತಿ" ಅಂತ ದವಡೆ ಎಲ್ಲ ನೋಡ್ತಾರಂತೆ, ಸಂತೇಲಿ ಎತ್ತಿನ ಹಲ್ಲು ನೋಡಿದ ಹಾಗೆ. ಆಮೇಲೆ ಬಾತ್‌ರೂಮಿಗೆ ಬೀಗ. ನಾಚಿಕೆ ಆಗಲ್ವಾ ನಿಂಗೆ? ಇಪ್ಪತ್ತಾರು ವರ್ಷದ ಹೆಣ್ಣು, ಬಾಯಿ ಆ ಅಂತ ತೆಗೆದು ತೋರಿಸೋದು… ನಾನಾಗಿದ್ರೆ ಸತ್ತೇ ಹೋಗ್ತಿದ್ದೆ.

ಆದ್ರೆ ತಪ್ಪು ನಿಂದೇ. ಮನೇಲಿ ನೀನು ಮಾಡಿದ್ದೇನು? ಊಟ ಆಗಿದ್ದೇ ತಡ ಬಾತ್‌ರೂಮು, ಧೋ ಅಂತ ನಲ್ಲಿ. ನಿಮ್ಮಪ್ಪ ಪಾಪ, "ಮಗಳು ಎಷ್ಟು ಶುಚಿ" ಅಂತಿದ್ರು. ನಾನು ನಲ್ಲಿ ಸದ್ದು ಕೇಳಿದ ಮೊದಲ ಸಲವೇ ಹಿಡಿದೆ, ಒಳಗೆ ಏನು ನಡೀತಿದೆ ಅಂತ.

ಹೇಗೆ ಅಂದ್ರೆ… ಹೇಗೆ ಅಂತ ಏನಿದೆ. ತಾಯಿಗೆ ಗೊತ್ತಾಗಲ್ವಾ?

ಯಾವ ಬೆರಳು ನೋಡ್ತಿದೀಯ? ಉಂಗುರಾನಾ? ಅದು ಸಡಿಲ ಆಗಿದೆ, ದಾರ ಸುತ್ತಿ ಹಾಕ್ಕೊಂಡಿದೀನಿ. ವಯಸ್ಸಾದ್ರೆ ಬೆರಳು ಬತ್ತುತ್ತೆ. ಮಾರ್ಕೆಟ್ಟಲ್ಲಿ ಎಲ್ಲರೂ ಹೊಗಳೋದು, ಐವತ್ತಾರಾದ್ರೂ ಗುಮ್‌ರಾನಮ್ಮನ ಸೊಂಟ ನೋಡಿ, ಇಷ್ಟು ಅಡುಗೆ ನಡುವೆ ಇದ್ದೂ ಹೇಗೆ ಇಟ್ಕೊಂಡಿದಾಳೆ ಅಂತ. ಶಿಸ್ತು ಅಂತಾರೆ ಅದಕ್ಕೆ. ನಿನ್ನ ಹಾಗೆ ಹುಚ್ಚಲ್ಲ.

ಈಗ ಹಲ್ಲು ನೋಡ್ತೀಯ. ಹೌದು, ಮುಂದಿನ ನಾಲ್ಕೂ ಕಟ್ಟಿಸಿದ್ದೇ. ನೀನೇ ಕರ್ಕೊಂಡು ಹೋಗಿದ್ಯಲ್ಲ ಹಲ್ಲಿನ ಡಾಕ್ಟ್ರ ಹತ್ರ. ಅವನೊಬ್ಬ ತಿಕ್ಕಲ, ಹಲ್ಲು ಹೀಗೆ ಒಳಗಿನಿಂದ ಕರಗಿದೆ ಯಾಕೆ ಅಂತ ಏನೇನೋ ಕೇಳ್ದ. ಹೊಟ್ಟೇಲಿ ಹುಳಿ ಜಾಸ್ತಿ ಅಂದೆ, ಆಯ್ತು. ನೀನು ಆಗ ಕಿಟಕಿ ಕಡೆ ನೋಡ್ತಾ ನಿಂತಿದ್ದೆ. ಏನೂ ಕೇಳಿಸ್ಕೊಂಡಿರಲಿಲ್ಲ.

ಕೇಳಿಸ್ಕೊಂಡಿದ್ಯಾ?

ದಾಸೊಲ್, ಸಾಕು. ಚಮಚ ತಗೋ. ದೊಡ್ಡವಳು ನಾನೇ ಹೇಳ್ತಿದೀನಿ, ಅಪ್ಪಣೆ ಕೊಡ್ತಿದೀನಿ, ಇವತ್ತು ನೀನೇ ಮೊದಲು. ಅಗೋ, ಬಾಗಿಲ ಗಾಜಿನಲ್ಲಿ ನರ್ಸಮ್ಮ ಇಣುಕಿ ಹೋದ್ಲು. ಎರಡು ಬಟ್ಟಲೂ ತುಂಬಿರೋದು ನೋಡಿದ್ಲು. ನಾಳೆ ನಳಿಕೆ ಹಾಕಿದ್ರೆ ನಂಗೇನೂ ಅನ್ಬೇಡ. ಹಾಕಿದ್ರೂ ನಿನ್ನ ಎದೆ ತಡ್ಕೊಳ್ಳುತ್ತಾ ಅಂತ ಕೇಳಿದ್ದಕ್ಕೆ ಆ ಡಾಕ್ಟರ್ ಫೈಲ್ ಮುಚ್ಚಿ, ಮೊದಲು ಇವತ್ತು ಊಟ ಮಾಡಿಸಿ ಅಂದ್ಲು ಕಣೇ. ನಿಂಗೆ ಸಾಯ್ಬೇಕಾ? ಒಂದು ಚಮಚ ಎತ್ತೋಕೆ ಆಗದೆ ಸಾಯ್ತೀಯಾ, ನಾನು ಎದುರಿಗೆ ಕೂತಿರೋವಾಗ?

ಕೈ ಮಂಡಿ ಮೇಲೇ.

ಸರಿ. ನಾನು ಎತ್ತಬೇಕು, ಅಷ್ಟೇ ತಾನೆ? ಇಗೋ ಎತ್ತಿದೆ. ದೊಡ್ಡವರು ಚಮಚ ಎತ್ತಿ ಆಯ್ತು. ಈಗ ನಿಂದು… ಬರೀ ಎತ್ತಿದ್ರೆ ಸಾಲದಾ? ಬಾಯಿಗೂ ಹೋಗ್ಬೇಕಾ? ನಿಮ್ಮಪ್ಪನ್ನ ಹೀಗೆ ಯಾವತ್ತಾದ್ರೂ ಕಾದಿದ್ಯಾ ನೀನು?

ಇಷ್ಟು. ಅನ್ನ, ಸಾರು. ಇದೇನು ಮಹಾ. ಬಾಯಿ ತೆಗೆಯೋದು, ಹಾಕೋದು… ಮೇಲಿನ ಎಣ್ಣೆ ಒಂದು ಕಡೆ ಸರಿಸ್ತೀನಿ, ಅಷ್ಟೇ.

ಹಾಕ್ಕೊಂಡೆ. ಮ್… ಆಯ್ತಲ್ಲ. ಇರು, ಬಂದೆ, ಒಂದು ನಿಮಿಷ. ಕೈಯೆಲ್ಲ ಎಣ್ಣೆ. ತೊಳ್ಕೊಂಡು ಬರ್ತೀನಿ.

ಎಲ್ಲಿಗೆ ಏಳ್ತೀಯ? ಕೂತ್ಕೋ, ತಲೆ ಸುತ್ತುತ್ತೆ. ಆ ಕುರ್ಚಿ ಯಾಕೆ… ಎಳೀಬೇಡ, ಅಷ್ಟು ಓಡಾಡ್ಬಾರ್ದು ಅಂದಿದಾರೆ ನಿಂಗೆ, ಎದೆ… ದಾಸೊಲ್. ಬಾತ್‌ರೂಮಿನ ಬಾಗಿಲಿಗೆ ಯಾಕೆ ಅಡ್ಡ ಕೂತೆ?

ಏಳು.

ಏಳೇ. ಬರೀ ಕೈ ತೊಳೆಯೋಕೆ. ಏನಂತ ತಿಳ್ಕೊಂಡಿದೀಯ ನನ್ನ… ಟಿಶ್ಯೂ ಡಬ್ಬಿ ಎಲ್ಲಿ? ಅದನ್ನೂ ಎತ್ಕೊಂಡು ಮಡಿಲಲ್ಲಿ ಇಟ್ಕೊಂಡಿದೀಯಾ.

ಹಾಗೆ ನೋಡ್ಬೇಡ. ಬೈಯಾದ್ರೂ ಬೈ. ಎಷ್ಟು ದಿನದಿಂದ… ಚಿಕ್ಕೋಳಿದ್ದಾಗಿಂದ್ಲಾ? ಅಷ್ಟು ಚಿಕ್ಕೋಳಿದ್ದಾಗಿಂದ್ಲಾ? ಹೇಗೆ ಗೊತ್ತಾಗುತ್ತೆ ನಿಂಗೆ, ನಾನು ಯಾವಾಗ್ಲೂ ನಲ್ಲಿ ಬಿಟ್ಟಿರ್ತಿದ್ನಲ್ಲ…

…

ನುಂಗಿದೆ. ನಿಜವಾಗ್ಲೂ. ನುಂಗಿದೆ ಕಣೇ.

ನಂಬಲ್ವಾ? ನೋಡು. ಆ… ನಾಲಿಗೆ ಎತ್ತಬೇಕಾ? ಆ… ಈ ಕಡೆ ದವಡೆ. ಈ ಕಡೆ. ಏನೂ ಇಲ್ಲ.

ಈಗ ನೀನು. ಬಟ್ಟಲು ನಾನೇ ಅಲ್ಲಿಗೆ ತಂದ್ಕೊಡ್ತೀನಿ, ಏಳ್ಬೇಡ. ಹಾಂ… ಎತ್ತಿದ್ಯಲ್ಲ. ಅರ್ಧ ಚಮಚ ಆದ್ರೂ ಪರವಾಗಿಲ್ಲ. ನಿಧಾನಕ್ಕೆ.

ಏನು, ಇನ್ನೊಂದಾ? ಮತ್ತೆ ನಾನೇ ಮೊದಲಾ? ಆಯ್ತು, ನಾನೇ. ನೆಲದ ಮೇಲೇ ಕೂರ್ತೀನಿ ಇಲ್ಲಿ, ನಿನ್ನ ಎದುರಿಗೆ. ನೀನು ಅಲ್ಲಿಂದ ಏಳ್ಬೇಡ. ನಾನು ಏಳು ಅಂತ ಕಿರುಚಿದ್ರೂ ಏಳ್ಬೇಡ, ಆ ಕುರ್ಚಿ ಅಲ್ಲೇ ಇರಲಿ.