ಮಂಚದಿಂದ ಬಿದ್ದೆ ಅಂದೆ

೨೦೧೯ರ ಮಾರ್ಚ್ ೧೪, ಗುರುವಾರ, ಬೆಳಗ್ಗೆ ಹತ್ತೂ ಇಪ್ಪತ್ತು. ಕೈಯಿಂದಲೇ ಒತ್ತಿ ಮೂಳೆ-ಸ್ನಾಯುಗಳ ನೋವಿಗೆ ಚಿಕಿತ್ಸೆ ಕೊಡುವ ಆಸ್ಟಿಯೋಪಥಿ ಚಿಕಿತ್ಸಾಲಯದಲ್ಲಿ ಸೊಂಟನೋವಿಗೆಂದು ಕಾದಿದ್ದ ಲ್ಯಾಬ್ ಸಹಾಯಕಿ ಪತ್ರಿಕೆ ಮಡಚಿಟ್ಟಳು. ಪಕ್ಕದಲ್ಲಿ ಕತ್ತು ತಿರುಗದ ಡ್ರಾಯಿಂಗ್ ಮೇಷ್ಟ್ರೂ ಅವರನ್ನು ಸ್ಕೂಟರಿನಲ್ಲಿ ಕರೆತಂದ ಸಲೂನಿನವನೂ ಪಿಸುಗುಟ್ಟುತ್ತಿದ್ದರು. ಪಿಸುಮಾತಿಗೇ ಕಿವಿ ಚುರುಕು.

"ಹೋದ ವಾರ ಈ ಡಾಕ್ಟ್ರೂ ಕತ್ತು ತಿರುವಿ ಟಕ್ ಅನ್ನಿಸಿದ್ರಾ ಮೇಷ್ಟ್ರೇ?"

"ಇಲ್ಲಪ್ಪ. ಅರ್ಧ ಗಂಟೆ ಬರೀ ಕೇಳಿದ್ರು. ಏನು ಕೆಲ್ಸ, ಹೇಗೆ ಮಲಗ್ತೀರಿ, ಏನೇನು ಕಾಯಿಲೆ. ಆಮೇಲೆ ನಿಲ್ಲಿಸಿ, ಬಗ್ಗಿಸಿ, ಭುಜದಿಂದ ಸೊಂಟದ ತನಕ ಮುಟ್ಟಿ ನೋಡಿದ್ರು. ಒತ್ತಿದ್ದೂ ಮೆತ್ತಗೆ. ಎರಡು ದಿನ ಮೈ ನೋಯಬಹುದು ಅಂದ್ರು, ನೋಯ್ತು."

"ಕತ್ತು ಹೀಗಾಗಿದ್ದು ಹೇಗೆ ಅಂತ ಕೇಳಿರ್ಬೇಕು."

"ಮೊದಲು ಕೇಳಿದ್ದೇ ಅದು. ಮಂಚದಿಂದ ಬಿದ್ದೆ ಅಂದೆ."

ಸಲೂನಿನವ ತನ್ನೆರಡೂ ಕೈಗಳನ್ನು ತೊಡೆಯಡಿ ಸೇರಿಸಿಕೊಂಡ.

"ನನ್ನ ಮಾನ ಉಳಿಸೋಕೆ ನಿಮ್ಮ ಕತ್ತು ಕೊಟ್ರಾ?"

"ನಿನ್ನ ಅಂಗಡಿಗೆ ಒಳ್ಳೇ ಹೆಸರಿದೆಯಲ್ಲೋ."

"ಅದು ಗಡ್ಡ ಮಾಡೋದಕ್ಕೆ. ಕತ್ತು ತಿರುವೋದು ಯಾರೂ ಕಲಿಸಿದ್ದಲ್ಲ. ಟಕ್ ಅಂದ್ರೆ ನೀವೆಲ್ಲ ಭೇಷ್ ಅಂತಿದ್ರಿ, ನಾನೂ ಉಬ್ಬಿಹೋದೆ. ನಿಜ ಗೊತ್ತಿಲ್ದೆ ಡಾಕ್ಟ್ರಾದ್ರೂ ಎಲ್ಲಿ ಅಂತ ಒತ್ತಬೇಕು? ಏಳಿ."

"ಕೂತ್ಕೊಳೋ ಸುಮ್ನೆ."

"ಏಳಿ ಮೇಷ್ಟ್ರೇ. ತಿರುವಿದ್ದು ನಾನು ಅಂತ ನಾನೇ ಹೇಳ್ತೀನಿ."

ಅಷ್ಟರಲ್ಲಿ ಒಳಗಿಂದ ಕರೆ ಬಂತು. ಇಬ್ಬರೂ ಹೋದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಲೂನಿನವನ ತಗ್ಗಿದ ದನಿ ಮುಗಿದ ಮೇಲೆ ವೈದ್ಯೆ ಹೇಳಿದ್ದು ಹೊರಗೆ ಕೂತಿದ್ದ ಲ್ಯಾಬ್ ಸಹಾಯಕಿಗೆ ಕೇಳಿಸಿತು.

"ಹಾಗಾದ್ರೆ ಇವತ್ತು ಒತ್ತೋದು ಬೇಡ, ಮೊದಲು ಎಕ್ಸ್-ರೇ ಆಗ್ಲಿ. ನೀವಾಗೇ ಎಷ್ಟು ತಿರುಗಿಸ್ತೀರೋ ಅಷ್ಟು ತಿರುಗಿಸಿ, ಅಳೀತೀನಿ."

ಎಂಬತ್ತರ ತನಕ ತಿರುಗಬೇಕಾದ ಕತ್ತು ತಿರುಗಿದ್ದು ಎಡಕ್ಕೆ ಇಪ್ಪತ್ತೆರಡು ಡಿಗ್ರಿ.