ಅಂಚಿನ ಮೇಸ್ತ್ರಿಯ ಹೆಬ್ಬೆರಳು

ಹತ್ರ ಬನ್ನಿ. ಇದು ಗಟ್ಟಿಯಾಗಿ ಹೇಳೋ ಮಾತಲ್ಲ... ನಮ್ಮ ಹಿಂದಿನ ಬೀದಿಯ ಕೊನೇ ಮನೇಲಿ ಒಬ್ಬ ಮನೆ ಅಳಿಯ ಇದಾನಲ್ಲ, ಎಣ್ಣೆ ಮಿಲ್ಲಿನೋರೆಲ್ಲ ‘ಅಳಿಯದೇವ್ರು’ ಅಂತ ಕರೀತಾರಲ್ಲ, ಅವನಿಗೆ ಆದದ್ದು. ಮಿಲ್ಲಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಹೇಳ್ತಾರೆ. ಅವನೊಬ್ಬ ಮಾತ್ರ ಬಾಯಿ ಬಿಡಲ್ಲ. ಬಿಡೋಕೂ ಒಂದು ಮುಖ ಬೇಕಲ್ಲ.

ಒಂದು ರಾತ್ರಿ, ಪಾಳಿ ಮುಗಿಸಿ ಮನೆಗೆ ಬರ್ತಿದ್ದ. ಮಿಲ್ಲಿನ ಹಿಂದಿನ ದಾರೀಲಿ ಒಂದು ಹಾಳು ಬಾವಿ. ಅದರ ಬಾಯಿಗೆ ತಗಡು ಮುಚ್ಚಿ, ಮೇಲೆ ಕಲ್ಲು ಹೇರಿದಾರೆ. ಹೊಸದಾಗಿ ಮಿಷನ್ನಿನ ಕೆಲಸ ಸಿಕ್ಕಿತ್ತು ನೋಡಿ, ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ, ಆ ಥರ ಎದೆ ಉಬ್ಬಿಸ್ಕೊಂಡು ಸಿಳ್ಳೆ ಹಾಕ್ತಾ ಬರ್ತಿದ್ದ. ಕಾಲಡಿ ಜಲ್ಲಿ ಚರಕ್... ಚರಕ್... ಬಾವಿ ದಾಟಿದ.

ಚ್ಚ್.

ನಿಂತ. ಹಲ್ಲಿ ಅಂದ್ಕೊಂಡ. ಬಯಲಲ್ಲಿ ಹಲ್ಲಿ ಎಲ್ಲಿಂದ ಬರ್ಬೇಕು? ಎರಡು ಹೆಜ್ಜೆ ಇಟ್ಟ. ಮತ್ತೆ, ಈ ಸಲ ಕಿವಿ ಹಿಂದೇನೇ... ಚ್ಚ್. ನಾಲಿಗೆ ಅಂಗುಳಕ್ಕೆ ಅಂಟಿಸಿ ಬಿಡಿಸಿದ ಸದ್ದು. ‘ಥೂ, ನಿನ್ನ ಕೈಲಿ ಇದೂ ಆಗಲ್ವಾ’ ಅನ್ನೋ ಸದ್ದು.

ಅಳಿಯದೇವ್ರ ಸಿಳ್ಳೆ ಬಾಯಲ್ಲೇ ಒಣಗಿತು. ಆ ಸದ್ದು ಅವನಿಗೆ ಹೊಸದಲ್ಲ. ಮದುವೆಯಾಗಿ ಆ ಮನೆ ಸೇರಿದಾಗಿಂದ ಊಟದ ಜೊತೆ ಅದನ್ನೂ ನುಂಗ್ತಾ ಬಂದಿದ್ದ. ಅದು ಅವನ ಮಾವನ ಸದ್ದು. ಮಾವನನ್ನ ಮಣ್ಣು ಮಾಡಿ ಬಂದು ಇನ್ನೂ ತಿಂಗಳೂ ತುಂಬಿರಲಿಲ್ಲ.

ಆ ಮಾವ ಯಾರು ಅಂತ ಹೇಳ್ಬೇಕು. ಮಿಲ್ಲಿನೋರು ಅವನನ್ನ ಅಂಚಿನ ಮೇಸ್ತ್ರಿ ಅಂತಿದ್ರು. ಬೀಜ ಅರೆದು, ಬಟ್ಟೇಲಿ ಸುತ್ತಿ, ಪ್ರೆಸ್ಸಲ್ಲಿ ಒತ್ತಿದ್ರೆ ಎಣ್ಣೆ ಇಳಿದು ಹಿಂಡಿ ಹಲಗೆ ಥರ ಗಟ್ಟಿಯಾಗಿ ಉಳಿಯುತ್ತೆ. ಆದ್ರೆ ಪ್ರೆಸ್ಸು ಅಂಚನ್ನ ಸರಿಯಾಗಿ ಒತ್ತಲ್ಲ. ನಡು ಕಲ್ಲಾದ್ರೂ ಸುತ್ತ ಅಂಚು ಮೆತ್ತಗೆ, ಎಣ್ಣೆ ಕುಡ್ಕೊಂಡು ಕೂತಿರುತ್ತೆ. ಆ ಅಂಚನ್ನ ಕತ್ತರಿಸೋಕೇ ಒಂದು ಮಿಷನ್ನು. ಕಬ್ಬಿಣದ ಮೇಜು, ಅದರ ತುದೀಲಿ ತೋಳುದ್ದದ ಅಲಗು, ಖಚಕ್ ಅಂತ ಇಳಿಯುತ್ತೆ, ಏಳುತ್ತೆ. ಹಲಗೆಯನ್ನ ನಾಲ್ಕೂ ಕಡೆ ತಿರುಗಿಸಿ ಕೊಡ್ಬೇಕು. ಕತ್ತರಿಸಿದ ಚೂರು ಕೆಳಗಿನ ದೋಣಿಗೆ ಬಿದ್ದು, ಗರಗರ ಅಂತ ಮತ್ತೆ ಅರೆಯೋ ಕಲ್ಲಿನ ಬಾಯಿಗೇ ಹೋಗುತ್ತೆ.

ಎಷ್ಟು ಕತ್ತರಿಸ್ಬೇಕು? ಅಲ್ಲೇ ಇರೋದು ವಿದ್ಯೆ. ಒಂದು ಹಲಗೆ ಇದ್ದ ಹಾಗೆ ಇನ್ನೊಂದು ಇರಲ್ಲ. ಮೇಸ್ತ್ರಿ ಪ್ರತಿ ಹಲಗೆ ಅಂಚನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡೋನು. ಗುಳಿ ಬಿದ್ರೆ ಇನ್ನೂ ಎಣ್ಣೆ ಇದೆ, ಮತ್ತೆ ಅಲಗಿಗೆ. ಗುರುತೇ ಬೀಳದಿದ್ರೆ ಸೈ. ಅವನ ಹೆಬ್ಬೆರಳಿಗೆ ಎಂದೋ ಆದ ಗಾಯದ್ದೊಂದು ಕಲೆ ಇತ್ತು. ಹಾಗಾಗಿ ಗುಳಿಯ ನಡುವೆ ಯಾವಾಗ್ಲೂ ಒಂದು ಅಡ್ಡಗೆರೆ. ಬೇರೆಯವರು ಕತ್ತರಿಸಿದ ಹಲಗೇಲಿ ಗುಳಿ ಬಿತ್ತೋ, ಚ್ಚ್ ಅಂದು ಅದನ್ನ ನೆಲಕ್ಕೆ ಇಡೋನು. ಬೈಗುಳ ಇಲ್ಲ. ಬೈದಿದ್ರೇ ವಾಸಿ ಇತ್ತು ಅಂತಿದ್ರು ಎಲ್ಲ.

ಈ ವಿದ್ಯೆ ಅವನಿಂದ ಕಲಿತೋರು ಒಬ್ಬರೇ. ಅವನ ಮಗಳು, ಅಂದ್ರೆ ಅಳಿಯದೇವ್ರ ಹೆಂಡತಿ. ಮಿಲ್ಲಲ್ಲೇ ಹಿಂಡಿ ಚೀಲ ಹೊಲೀತಿದ್ಲು. ಅಪ್ಪ ಜ್ವರದಲ್ಲಿ ಮಲಗಿದಾಗ ಮಾಲೀಕರ ಕಣ್ಣಿಗೆ ಬೀಳದ ಹಾಗೆ ಅವಳೇ ಅಲಗಿನ ಮುಂದೆ ನಿಂತು ಪಾಳಿ ಮುಗಿಸಿದ್ದೂ ಉಂಟು. ಅಳಿಯನಿಗೂ ಮೇಸ್ತ್ರಿ ಹೇಳಿಕೊಟ್ಟ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಇವನಿಗೆ ಕೆಲಸ ಬೇಡ, ಕೆಲಸದ ಗತ್ತು ಬೇಕು.

ಪ್ರಾಣ ಬಿಡೋ ಮೊದಲು ಮೇಸ್ತ್ರಿ ಅಳಿಯನ ಕೈ ಹಿಡ್ಕೊಂಡು ಒಂದೇ ಮಾತು ಕೇಳಿದ್ದ. ಮಾಲೀಕರ ಹತ್ರ ಹೋಗು, ಮಿಷನ್ನು ನನ್ನ ಮಗಳಿಗೆ ಕೊಡೋಕೆ ಹೇಳು, ಹೆಂಗಸು ಹೋಗಿ ಕೇಳಿದ್ರೆ ಅವರ ಕಿವಿಗೆ ಬೀಳಲ್ಲ ಅಂತ. ಆಗಲಿ ಮಾವ ಅಂದ. ಹೋದ ಕೂಡ. ಹೋಗಿ ಏನಂದ ಗೊತ್ತಾ? ಅವಳಿಗೆ ಮಿಷನ್ನು ಅಂದ್ರೆ ಕೈಕಾಲು ನಡುಗುತ್ತೆ ಸ್ವಾಮಿ, ಮಾವ ಸಾಯೋವಾಗ ನೀನೇ ಆ ಕೆಲಸ ಮಾಡು ಅಂದ್ರು, ಅಂದ. ಮನೆಗೆ ಬಂದು ಹೆಂಡತಿ ಮುಂದೆ ಮುಖ ಸಣ್ಣ ಮಾಡ್ಕೊಂಡು, ಹೆಂಗಸರಿಗೆ ಕೊಡಲ್ಲ ಅಂತ ಮಾಲೀಕರು ಹಠ ಹಿಡಿದ್ರು, ಕಾಲು ಹಿಡಿಯೋದೊಂದು ಬಾಕಿ, ಅಂದ. ಅವಳು ಸೂಜಿ ಹಿಡ್ಕೊಂಡು ಚೀಲದ ಮುಂದೆ ಕೂತ್ಲು. ಅಪ್ಪನ ಮಿಷನ್ನು ಎದುರಿಗೇ ಇತ್ತು. ಇವನು ಅದನ್ನ ಹಾಳು ಮಾಡೋದನ್ನ ದಿನಾ ನೋಡ್ಬೇಕಾಯ್ತು.

ಹಾಳು ಮಾಡೋದು ಅಂದ್ರೆ, ಪಾಳಿ ಶುರುವಾದಾಗ ಅಳತೆ ಪಟ್ಟಿ ಒಂದು ಕಡೆ ಬಿಗಿದ್ರೆ ಮುಗೀತು, ಆಮೇಲೆ ಮುಟ್ತಿರಲಿಲ್ಲ. ಬಂದ ಹಲಗೆಗೆಲ್ಲ ಒಂದೇ ಅಳತೆ. ಒತ್ತಿ ನೋಡಲ್ವಾ ಅಂತ ಯಾರೋ ಕೇಳಿದ್ದಕ್ಕೆ, ಅದೆಲ್ಲ ಮುದುಕರ ಗೊಡ್ಡು ಪದ್ಧತಿ ಅಂದನಂತೆ, ಮಹಾನುಭಾವ.

ಈಗ ಬಾವಿಯ ಮಾತಿಗೆ ಬರೋಣ. ಅವತ್ತು ಓಡಿ ಬಂದು ಮುಸುಕೆಳೆದು ಮಲಗಿದ. ಬೆಳಿಗ್ಗೆ ಎದ್ದು, ಕಿವೀಲಿ ಗಾಳಿ ಹೊಕ್ಕಿತ್ತು ಅಂತ ತನಗೆ ತಾನೇ ಸಮಾಧಾನ ಹೇಳ್ಕೊಂಡ. ಆದ್ರೆ ಮಿಲ್ಲಿಗೆ ಹೋದ್ರೆ ಗೋದಾಮಿನ ಬಾಗಿಲಲ್ಲಿ ಜನ ಗುಂಪುಗೂಡಿದ್ರು. ರಾತ್ರಿ ಅವನು ಕತ್ತರಿಸಿ ಪೇರಿಸಿಟ್ಟ ಅಷ್ಟೂ ಹಲಗೆಗಳ ಅಂಚಲ್ಲಿ ಒಂದೊಂದು ಗುಳಿ. ಹೆಬ್ಬೆರಳಿನದು. ನಡುವೆ ಅಡ್ಡಗೆರೆ.

ಅವನ ಹೆಂಡತಿ ಮುಂದೆ ಬಂದು ಒಂದು ಗುಳೀಲಿ ತನ್ನ ಹೆಬ್ಬೆರಳಿಟ್ಟು ನೋಡಿದ್ಲು. ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದ್ಲು.

“ನೀವು ಮಾಲೀಕರ ಹತ್ರ ಏನಂದ್ರಿ?”

“ಹೇಳಿದೆನಲ್ಲ. ಅವರು ಒಪ್ಪಲಿಲ್ಲ.”

ಅವಳು ಕೇಳಿದ್ದು ಅವನು ಏನಂದ ಅಂತ. ಅವನು ಹೇಳಿದ್ದು ಅವರು ಏನಂದ್ರು ಅಂತ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಅವಳು ಚೀಲ ಹೊಲಿಯೋಕೆ ಹೋದ್ಲು.

ಇವನಿಗೆ ಹೆದರಿಕೆಗಿಂತ ಅವಮಾನ ಜಾಸ್ತಿಯಾಯ್ತು. ಯಾರೋ ಹೊಟ್ಟೆಕಿಚ್ಚಿನೋರು ಮೇಣದಲ್ಲಿ ಹೆಬ್ಬೆರಳು ಮಾಡ್ಕೊಂಡು ಬಂದು ಒತ್ತಿದಾರೆ, ಇವತ್ತು ರಾತ್ರಿ ಹಿಡೀತೀನಿ ನೋಡ್ತಿರಿ, ಅಂತ ಮೀಸೆ ತಿರುವಿದ. ಆ ಮೀಸೆಯೋ, ನಾಲ್ಕು ಕೂದಲು. ಪಾಳಿ ಮುಗಿದು ಎಲ್ಲರೂ ಹೋದ ಮೇಲೆ ದೀಪ ಆರಿಸಿ, ಗೋದಾಮಿನ ಚೀಲಗಳ ಸಂದೀಲಿ ಒಂದು ದೊಣ್ಣೆ ಹಿಡ್ಕೊಂಡು ಅಡಗಿ ಕೂತ.

ಕತ್ತಲೇಲಿ ಪ್ರೆಸ್ಸು ತಣ್ಣಗಾಗ್ತಾ ಟಿಣ್... ಟಿಣ್... ಅನ್ನೋದು. ಮಿಷನ್ನು ಓಡಿಸೋ ಪಟ್ಟಾ ಕಳಚಿ ನೇತು ಹಾಕಿದ್ರು. ಗಾಳಿಗೆ ಅದು ಗೋಡೆ ಸವರ್ತಿತ್ತು, ಸುಸ್... ಸುಸ್... ಎಲ್ಲೋ ಒಂದು ಡಬ್ಬಕ್ಕೆ ಎಣ್ಣೆ ತೊಟ್ಟಿಕ್ಕೋ ಸದ್ದು. ಅಷ್ಟೇ. ಆಕಳಿಕೆ ಬಂತು.

ಪುಚುಕ್.

ಮೆತ್ತಗಿನ ಅಂಚಲ್ಲಿ ಬೆರಳು ಇಳಿದ ಸದ್ದು. ಹಲಗೆ ಸಾಲಿನ ಆ ತುದೀಲಿ. ಆಮೇಲೆ... ಚ್ಚ್. ಮತ್ತೆ ಪುಚುಕ್. ಚ್ಚ್. ಒಂದೊಂದೇ ಹಲಗೆ, ಆತುರ ಇಲ್ಲ, ಸಾಲು ಹಿಡಿದು ಈ ಕಡೆಗೇ ಬರ್ತಿದೆ. ಹೆಜ್ಜೆ ಸದ್ದು ಇಲ್ಲ. ಉಸಿರಿನ ಸದ್ದೂ ಇಲ್ಲ. ಕೊನೇ ಹಲಗೆ ಇದ್ದದ್ದು ಇವನ ಮೊಣಕಾಲಿನ ಹತ್ರ. ಪುಚುಕ್...

ದೊಣ್ಣೆ ಅಲ್ಲೇ ಬಿತ್ತು. ಅಳಿಯದೇವ್ರು ಬಾಗಿಲು ಹಾರಿ ಹಿಂದಿನ ದಾರೀಲಿ ಬಿದ್ದಂಬೀಳ ಓಡಿದ. ಚಪ್ಪಲಿ ಒಂದು ಕಡೆ, ತಾನೊಂದು ಕಡೆ. ಬಾವಿ ಹತ್ರ ಬಂದ. ಅಲ್ಲಿ ಕಾಲು ನಿಂತೋಯ್ತು. ತಾನಾಗಿ ನಿಲ್ಲಿಸಿದ್ದಲ್ಲ.

“ಕೈ ತೋರ್ಸು.”

ಪಿಸುಮಾತು. ಬಾವಿಯಿಂದಲ್ಲ, ಪಕ್ಕದಿಂದ. ಆ ಮಾತೂ ಅವನಿಗೆ ಗೊತ್ತು. ಪಾಳಿ ಮುಗಿದ ಮೇಲೆ ಮೇಸ್ತ್ರಿ ಜೊತೆಯೋರ ಕೈ ನೋಡಿ, ಬೆರಳೆಲ್ಲ ಇದಾವೆ ಅಂತ ಖಾತ್ರಿ ಮಾಡ್ಕೊಂಡೇ ಮನೆಗೆ ಬಿಡ್ತಿದ್ದ. ಅಲಗಿನ ಕೆಲಸ ನೋಡಿ. ಇವನ ಬಲಗೈ ತಾನಾಗಿ ಮುಂದೆ ಚಾಚಿತು. ಮೊಣಕೈ ಕೆಳಗೆ, ಅಂಗಿ ತೋಳಿನ ಮೇಲೆ ಒಂದು ಹೆಬ್ಬೆರಳು ಕೂತಿತು. ತಣ್ಣಗಿತ್ತು. ಒತ್ತಿತು. ಮಾಂಸ ಒಳಕ್ಕೆ ಹೋಯ್ತು, ಮತ್ತೆ ಮೇಲೆ ಬರಲಿಲ್ಲ.

“ಇನ್ನೂ ಎಣ್ಣೆ ಇದೆ.”

ಅಷ್ಟು ಹೇಳಿ ಆ ಕೈ ಅವನ ತೋಳು ಹಿಡಿದು ಮಿಲ್ಲಿನ ಕಡೆ ಎಳೀತು. ಅದೇ ಹೊತ್ತಿಗೆ ಮಿಲ್ಲಿನ ಒಳಗಿಂದ ಸದ್ದು ಬಂತು. ಖಚಕ್... ಖಚಕ್... ಖಚಕ್... ಪಟ್ಟಾ ಇಲ್ಲ, ಓಡಿಸೋರಿಲ್ಲ, ಅಲಗು ಇಳೀತಿದೆ, ಏಳ್ತಿದೆ. ಗುಳಿ ಬಿದ್ದ ಹಲಗೆ ಎಲ್ಲಿಗೆ ಹೋಗುತ್ತೆ ಅಂತ ಇವನಿಗೆ ಹೇಳಿಕೊಡ್ಬೇಕಾಗಿರಲಿಲ್ಲ. ಕಲಿತ ಒಂದೇ ಪಾಠ ಅದು.

“ಮಾವ, ನಾಳೆ ಅವಳಿಗೆ ಎಲ್ಲ ಹೇಳ್ತೀನಿ.”

ಎಳೆಯೋದು ನಿಲ್ಲಲಿಲ್ಲ. ಜಲ್ಲಿ ಮೇಲೆ ಅವನ ಬರಿಗಾಲು ಜರ್ರ್ ಅಂತ ಜಾರ್ತಿತ್ತು.

“ಈಗ್ಲೇ, ಮಾವ. ಈಗ್ಲೇ ಹೇಳ್ತೀನಿ.”

ಎಳೆತ ನಿಂತಿತು. ಆದ್ರೆ ಹಿಡಿದ ಕೈ ಬಿಡಲಿಲ್ಲ. ಮನೆ ತನಕ ಅದು ಜೊತೆಗೇ ಬಂತು.

ಇನ್ನು ಮುಂದಿನದನ್ನ ಅವನ ಹೆಂಡತಿಯೇ ನಮ್ಮ ಅತ್ತೆ ಹತ್ರ ಹೇಳಿದ್ದು. ಬಾಗಿಲು ತೆಗೆದ್ಲಂತೆ, ಕೈಲಿ ದೀಪ. ಗಂಡ ಹೊಸಿಲ ಆಚೆ ನಿಂತಿದಾನೆ, ಮೈಯೆಲ್ಲ ಬೆವರು. ಬಲಗೈ ಪಕ್ಕಕ್ಕೆ ಚಾಚಿದೆ. ಅಂಗಿ ತೋಳು ಯಾರೋ ಮುಷ್ಟೀಲಿ ಹಿಡಿದ ಹಾಗೆ ಮುದುಡಿದೆ. ಹಿಡಿದೋರು ಯಾರೂ ಕಾಣ್ತಿಲ್ಲ. ಅವನು ಅಲ್ಲೇ ನಿಂತು ಎಲ್ಲ ಕಕ್ಕಿದ. ಮಾವನಿಗೆ ಕೊಟ್ಟ ಮಾತು, ಮಾಲೀಕರ ಹತ್ರ ಆಡಿದ ಸುಳ್ಳು, ಮನೇಲಿ ಆಡಿದ ಇನ್ನೊಂದು ಸುಳ್ಳು. ನಡುನಡುವೆ, ನಿನ್ನ ಒಳ್ಳೇದಕ್ಕೇ ಮಾಡಿದ್ದು ಅಂತ ಸೇರಿಸೋಕೆ ನೋಡಿದನಂತೆ. ಆಗೆಲ್ಲ ತೋಳಿನ ಬಟ್ಟೆ ಇನ್ನೂ ಬಿಗಿಯಾಗೋದು. ಅಲ್ಲಿಗೆ ಬಾಯಿ ಮುಚ್ಕೊಂಡು ನಿಜ ಮಾತ್ರ ಹೇಳೋನು.

ಮಿಲ್ಲಿನ ಕಡೆಯಿಂದ ಆ ಸದ್ದು ಮನೆಗೂ ಕೇಳ್ತಿತ್ತು. ಖಚಕ್... ಖಚಕ್... ಎಲ್ಲ ಹೇಳಿ ಮುಗಿಸಿದ. ಮುಷ್ಟಿ ಸಡಿಲ ಆಗಲಿಲ್ಲ.

ಅವಳು ಗಂಡನ ಮುಖ ನೋಡಲಿಲ್ಲ. ಅವನ ಪಕ್ಕದ ಖಾಲಿ ಜಾಗ ನೋಡಿದ್ಲು. ಅಳ್ತಾ ಇದ್ಲು, ಆದ್ರೆ ದನಿ ನಡುಗಲಿಲ್ಲ. ಮದುವೆಯಾದಾಗಿಂದ ಗಂಡನನ್ನ ‘ಅವರು’, ‘ಇವರು’ ಅಂತಲೇ ಅನ್ನೋಳು, ಅವತ್ತು ಅದನ್ನೂ ಬಿಟ್ಲು.

“ಬಿಡಪ್ಪಾ. ಇವನು ಬರೀ ಅಂಚು. ಕತ್ತರಿಸ್ತಾ ಹೋದ್ರೆ ಒಳಗೆ ಏನೂ ಉಳಿಯಲ್ಲ.”

ಮಿಲ್ಲಿನ ಸದ್ದು ನಿಂತಿತು. ಅಂಗಿ ತೋಳು ಮೆಲ್ಲಗೆ ಜೋತು ಬಿತ್ತು.

ಬೆಳಗಾಗೋದೇ ತಡ, ಅವಳು ಅವನನ್ನ ಮುಂದೆ ಮಾಡ್ಕೊಂಡು ಮಾಲೀಕರ ಕೋಣೆಗೆ ಹೋದ್ಲು. ರಾತ್ರಿ ಹೇಳಿದ್ದನ್ನೇ ಅಲ್ಲೂ ಹೇಳಿಸಿದ್ಲು. ಮಾಲೀಕರೇನು ಸಾಮಾನ್ಯರಾ, ಹೆಂಗಸು, ಅಲಗು, ನಾಳೆ ಏನಾದ್ರೂ ಆದ್ರೆ ಅಂತ ರಾಗ ಎಳೆದ್ರು. ಅವಳು ವಾದ ಮಾಡಲಿಲ್ಲ. ಒಂದು ಹಲಗೆ ಕತ್ತರಿಸಿ ತಂದು ಅವರ ಮೇಜಿನ ಮೇಲಿಟ್ಟು, ಒತ್ತಿ ನೋಡಿ ಅಂದ್ಲು. ಒತ್ತಿದ್ರು. ಇನ್ನೊಂದು ಸಲ ಎದ್ದು ನಿಂತು ಒತ್ತಿದ್ರು. ಗುರುತೇ ಬೀಳಲಿಲ್ಲ. ಅವತ್ತಿಂದ ಮಿಷನ್ನು ಅವಳದು. ಅಳಿಯದೇವ್ರು ಚೀಲ ಹೊಲೀತಾರೆ. ಆ ಹೊಲಿಗೇನೂ ಸೊಟ್ಟ, ಆ ಮಾತು ಬೇರೆ.

ನಗ್ತೀರಾ? ನಗಿ. ನಂಬದಿದ್ರೆ ನನ್ನ ಗಂಟೇನೂ ಹೋಗಲ್ಲ. ಆದ್ರೆ ಅವನ ತೋಳಿನ ಗುಳಿ ಇವತ್ತಿಗೂ ತುಂಬಿಲ್ಲ, ನಡುವೆ ಗೆರೆ ಸಮೇತ ಹಾಗೇ ಇದೆ. ನೋವಿಲ್ಲ, ಕೀವಿಲ್ಲ. ಡಾಕ್ಟರು ನೋಡಿ, ಹುಟ್ಟಿನಿಂದ ಬಂದಿದ್ದಾ ಅಂತ ಕೇಳಿದ್ರಂತೆ. ಬೆಳಿಗ್ಗೆ ಅವನು ಏಳೋ ಹೊತ್ತಿಗೆ ಅದರಲ್ಲಿ ಒಂದು ತೊಟ್ಟು ಎಣ್ಣೆ ನಿಂತಿರುತ್ತೆ. ಒರೆಸಿದ್ರೆ ಮಾರನೇ ದಿನ ಮತ್ತೆ ಇರುತ್ತೆ. ಅವನ ಹೆಂಡತಿ ಸುಮ್ಮನೆ ಯಾಕೆ ಹಾಳು ಮಾಡೋದು ಅಂತ ಅದನ್ನ ಬೆರಳಲ್ಲಿ ತೆಗೆದು ಬಾಗಿಲಿನ ಕೀಲುಗಳಿಗೆ ಹಚ್ತಾಳೆ. ಆ ಬಾಗಿಲು ಒಂಚೂರೂ ಸದ್ದು ಮಾಡಲ್ಲ. ನಾನೇ ತಳ್ಳಿ ನೋಡಿದೀನಿ.